ತಟ್ಟೆಯ ಅಂಚು

ಡೆಟ್ರಾಯಿಟ್
ಜೂನ್ 11, 1978

ಟೌನೋ ಅಣ್ಣನಿಗೆ,

ಲೆಂಪಿ ಅತ್ತಿಗೆಯ ಮೊಣಕಾಲು ಹೇಗಿದೆ? ನೀನಾಗಿ ಬರೆಯುವವನಲ್ಲ, ನಾನೇ ಕೇಳಬೇಕು. ಇಲ್ಲಿ ಸೆಕೆ ಶುರುವಾಗಿದೆ. ನಾವು ಕಾರಿನ ಸೀಟು ಹೊಲಿಯುವ ಕಾರ್ಖಾನೆಯಲ್ಲಿ ದೊಡ್ಡ ದೊಡ್ಡ ಫ್ಯಾನುಗಳು ತಿರುಗುತ್ತವೆ, ಗಾಳಿ ಮಾತ್ರ ಬರುವುದಿಲ್ಲ.

ಸುತ್ತಿ ಬಳಸಿ ಬರೆಯುವುದು ನನಗೆ ಬಾರದು. ಅಪ್ಪ ಹೋಗಿ ಎರಡು ಚಳಿಗಾಲ ಕಳೆದವು. ಕಾಡಿನ ನಮ್ಮ ಬೇಟೆಮನೆ, ಆ ಕ್ಯಾಂಪಿನ ಹಿಂದೆ, ಹಳೆಯ ಸೇಬಿನ ಮರದ ಪಕ್ಕ ಅವರು ಕೊಂಬೆ ಹೆಣೆದು ಕಟ್ಟಿದ ಮರೆ ಖಾಲಿ ಬಿದ್ದಿದೆ ಎಂದು ಚಿಕ್ಕಪ್ಪನ ಮಗ ಸುಲೋ ಫೋನಿನಲ್ಲಿ ಹೇಳಿದ. ಈ ಅಕ್ಟೋಬರಿನಲ್ಲಿ ಅಲ್ಲಿ ನಾನು ಕೂರಬೇಕು. ಬಿಲ್ಲು ಹಿಡಿದು, ಜಿಂಕೆಗಾಗಿ. ಗಂಡಸರಿಗೆ ಅಡಿಗೆ ಮಾಡಿ ಹಾಕುವುದಕ್ಕಲ್ಲ.

ನಗಬೇಡ. ಇಲ್ಲಿ ಬೌಲಿಂಗ್ ಹಾಲಿನ ಹಿಂದೆ ಒಂದು ಉದ್ದನೆಯ ಕೋಣೆ ಇದೆ. ಕಳೆದ ಚಳಿಗಾಲ ಪೂರ್ತಿ ಕೆಲಸ ಮುಗಿಸಿ ಅಲ್ಲಿಗೆ ಹೋಗಿ ಬಾಣ ಬಿಟ್ಟಿದ್ದೇನೆ. ಹತ್ತರಲ್ಲಿ ಒಂಬತ್ತು ಗುರಿಗೆ ಇಟ್ಟ ಊಟದ ತಟ್ಟೆಯೊಳಗೆ ಬೀಳುತ್ತವೆ. ಬಿಲ್ಲು ಅಪ್ಪನದೇ, ಹೊಸ ಹೆದೆ ಕಟ್ಟಿಸಿದ್ದೇನೆ. ಚಿಕ್ಕಂದಿನಲ್ಲಿ ಅವರ ಹಿಂದೆ ರಕ್ತದ ಜಾಡು ಹಿಡಿದು ಜೌಗಿನಲ್ಲಿ ನಡೆದವಳು ನಾನು. ನಿನಗೆ ಕೆಂಪು ಯಾವುದು, ಕಂದು ಯಾವುದು ಅಂತ ಎಲೆಯ ಮೇಲೆ ಗೊತ್ತೇ ಆಗುತ್ತಿರಲಿಲ್ಲ. 'ಕೆರ್ತುವಿನ ಕಣ್ಣು, ಟೌನೋನ ಭುಜ ಸೇರಿದರೆ ಒಬ್ಬ ಒಳ್ಳೆ ಬೇಟೆಗಾರ' ಅಂತ ಅಪ್ಪ ನಗುತ್ತಿದ್ದರು, ನೆನಪಿದೆಯಾ?

ಈಗ ಕ್ಯಾಂಪಿನ ಯಜಮಾನ ನೀನು. ಅದಕ್ಕೇ ಕೇಳುತ್ತಿದ್ದೇನೆ. ಎಷ್ಟು ಗುರಿ ಇದ್ದರೆ ಸಾಕು?

ನಿನ್ನ ತಂಗಿ,
ಕೆರ್ತು

*

ಪೈನ್ ಕ್ರೀಕ್, ಮೇಲಿನ ಮಿಶಿಗನ್
ಜುಲೈ 9, 1978

ಕೆರ್ತು,

ಪತ್ರ ಬಂತು. ಲೆಂಪಿಯ ಮೊಣಕಾಲು ಹಾಗೇ ಇದೆ.

ಹತ್ತರಲ್ಲಿ ಒಂಬತ್ತು ಅಂತ ಹೆಮ್ಮೆಯಿಂದ ಬರೆದಿದ್ದೀಯ. ಅದರ ಅರ್ಥ ಏನು ಗೊತ್ತೇನು? ಹತ್ತನೆಯ ಜಿಂಕೆಯ ಹೊಟ್ಟೆಗೆ ಹೊಡೆಯುತ್ತೀಯ ಅಂತ. ಅದು ಕರುಳು ಹರಿದುಕೊಂಡು ಇಡೀ ರಾತ್ರಿ ಜೌಗಿನಲ್ಲಿ ನರಳಿ ಸಾಯುತ್ತದೆ. ಆ ಒಂದು ಜಿಂಕೆಗೆ ನಿನ್ನ ಒಂಬತ್ತು ಬಾಣಗಳ ಕಥೆ ಬೇಕಾಗಿಲ್ಲ.

ನಿನ್ನ ಆ ಕೋಣೆಯೊಳಗೆ ದೀಪ ಇರುತ್ತದೆ, ನೆಲ ಸಮವಾಗಿರುತ್ತದೆ, ಮೈಮೇಲೆ ತೆಳು ಅಂಗಿ ಇರುತ್ತದೆ. ಇಲ್ಲಿ ದಪ್ಪ ಕೋಟಿನ ತೋಳಿಗೆ ಹೆದೆ ತಾಗುತ್ತದೆ. ಬೆರಳು ಮರಗಟ್ಟಿರುತ್ತದೆ. ಜಿಂಕೆ ಕಾಣಿಸಿದ ಕೂಡಲೇ ಎದೆ ಕಿವಿಯಲ್ಲೇ ಬಡಿಯುತ್ತದೆ. ಅಪ್ಪ ತಟ್ಟೆಯ ಪದ್ಧತಿ ಮಾಡಿದ್ದೇ ಅದಕ್ಕೆ. ಸೆಪ್ಟೆಂಬರಿನ ಕೊನೆಯ ಭಾನುವಾರ ಚರ್ಚು ಮುಗಿಸಿ, ಕ್ಯಾಂಪಿನಲ್ಲಿ ಕಾಫಿ ಕುಡಿದು, ಸಿಹಿ ರೊಟ್ಟಿ ತಿಂದ ಕಾಗದದ ತಟ್ಟೆಯನ್ನು ಅವರವರೇ ಒರೆಸಿ ಹುಲ್ಲಿನ ಕಂತೆಗೆ ಮೊಳೆ ಹೊಡೆಯಬೇಕು. ಇಪ್ಪತ್ತೈದು ಹೆಜ್ಜೆ. ಎಲ್ಲರ ಎದುರಿಗೆ, ಕೈ ಬಿಸಿ ಮಾಡಿಕೊಳ್ಳದೆ, ಒಂದೇ ಬಾಣ. ತೂತಾದ ತಟ್ಟೆ ಹೆಸರು, ವರ್ಷ ಬರೆಸಿಕೊಂಡು ಗೋಡೆ ಏರುತ್ತದೆ. ತಪ್ಪಿದವನು ಆ ವರ್ಷ ಬಿಲ್ಲು ಮುಟ್ಟುವಂತಿಲ್ಲ, ಉಳಿದವರಿಗೆ ಅಡಿಗೆ ಮಾಡಬೇಕು.

ಸಾಕು ಅನ್ನುವುದು ಇಲ್ಲವೇ ಇಲ್ಲ, ಕೆರ್ತು. ಹೊಲಿಗೆಯಲ್ಲಿ ತಪ್ಪಾದರೆ ಬಿಚ್ಚಿ ಹೊಲಿಯಬಹುದು. ನೀನು ಇನ್ನೊಂದು ವರ್ಷ ಅಭ್ಯಾಸ ಮಾಡು ಅಂತ ನನ್ನ ಸಲಹೆ.

ಟೌನೋ

*

ಡೆಟ್ರಾಯಿಟ್
ಆಗಸ್ಟ್ 6, 1978

ಟೌನೋ ಅಣ್ಣನಿಗೆ,

ಅಬ್ಬಾ, ಏನು ಉಪದೇಶ! ಪಾದ್ರಿಗಳು ರಜೆ ಹಾಕಿದರೆ ಆ ಭಾನುವಾರ ನೀನೇ ನಿಂತುಬಿಡಬಹುದು.

ನೀನು ಹೇಳಿದ್ದರಲ್ಲಿ ಸತ್ಯ ಇದೆ, ಇಲ್ಲ ಅನ್ನುವುದಿಲ್ಲ. ಪತ್ರ ಓದಿದ ರಾತ್ರಿ ನಿದ್ದೆ ಬರಲಿಲ್ಲ. ಆ ಹತ್ತನೆಯ ಜಿಂಕೆಯೇ ಕಣ್ಣೆದುರು ನಿಂತಿತ್ತು. ಮಾರನೆಯ ದಿನದಿಂದ ಆ ಕೋಣೆಗೆ ಹೋಗುವುದು ಬಿಟ್ಟೆ. ಊರಾಚೆ ಜಲ್ಲಿ ತೆಗೆದು ಬಿಟ್ಟ ಹಳ್ಳವಿದೆ. ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಅಲ್ಲಿ ಕಾರು ನಿಲ್ಲಿಸಿ, ಅಪ್ಪನ ಉಣ್ಣೆ ಕೋಟು ಹಾಕಿಕೊಂಡು, ಈ ಸೆಕೆಯಲ್ಲಿ, ಒಂದೇ ಒಂದು ಬಾಣ ಬಿಟ್ಟು ಹೊರಡುತ್ತೇನೆ. ಬಿದ್ದರೆ ಬಿತ್ತು, ತಪ್ಪಿದರೆ ಇಡೀ ದಿನ ಸೂಜಿ ಕೆಳಗೆ ಬಟ್ಟೆ ದೂಡುತ್ತಾ ಅದನ್ನೇ ಯೋಚಿಸುತ್ತೇನೆ. ಹೀಗಾಗಿ ತಪ್ಪುವುದು ಕಡಿಮೆಯಾಗಿದೆ.

ಇನ್ನೊಂದು ವರ್ಷ ಕಾಯುವುದಿಲ್ಲ. ಕೊನೆಯ ಭಾನುವಾರ ಬರುತ್ತೇನೆ. ತಪ್ಪಿದರೆ ನಿನಗೇ ನೋವಾಗುವಷ್ಟು ಚೆನ್ನಾಗಿ ಅಡಿಗೆ ಮಾಡಿ ಹಾಕುತ್ತೇನೆ.

ಒಂದು ವಿಷಯ. ಹೋದ ಸಲ ಕ್ಯಾಂಪು ಗುಡಿಸಲು ಬಂದಾಗ ಗೋಡೆ ನೋಡಿದೆ. ಅಪ್ಪ ತೀರಿಕೊಂಡ ಮೇಲಿನ ಎರಡು ವರ್ಷವೂ ನಿನ್ನ ಹೆಸರಿನ ತಟ್ಟೆ ಇದೆ, ನಟ್ಟನಡುವೆ ತೂತು. ಸುಲೋನನ್ನು ಕೇಳಿದೆ, 'ಅವ್ನು ಹೊಡೆದಿದ್ದು ನಾನು ನೋಡಿಲ್ಲಪ್ಪ, ನಾವು ಬರೋಷ್ಟರಲ್ಲಿ ಹೊಡೆದಾಗಿತ್ತು' ಅಂದ. ನೀನು ಬಾಣ ಬಿಡುವಾಗ ಹಿಂದೆ ಯಾರು ನಿಂತಿರುತ್ತಾರೆ ಅಣ್ಣಾ?

ಕೆರ್ತು

*

ಪೈನ್ ಕ್ರೀಕ್
ಸೆಪ್ಟೆಂಬರ್ 3, 1978

ಕೆರ್ತು,

ಇಪ್ಪತ್ನಾಲ್ಕನೇ ತಾರೀಕು ಭಾನುವಾರ. ಚರ್ಚು ಹತ್ತಕ್ಕೆ. ಹೇಗೂ ಬರುತ್ತೀಯ ಅಂದಮೇಲೆ ಮೈದಾಹಿಟ್ಟು, ಹಂದಿ ಕೊಬ್ಬು ತಂದುಬಿಡು. ಇಲ್ಲಿ ಅಂಗಡಿಯಲ್ಲಿ ತುಟ್ಟಿ.

ನಾನು ಹೊಸ ರಾಟೆಬಿಲ್ಲು ತೆಗೆದುಕೊಂಡೆ, ತುದಿಗೆ ಚಕ್ರ ಇರುವುದು. ಹೆದೆ ಎಳೆದು ಎಷ್ಟು ಹೊತ್ತು ನಿಂತರೂ ಭುಜಕ್ಕೆ ಭಾರ ಇಲ್ಲ. ಕಾಲ ಬದಲಾಗಿದೆ.

ಟೌನೋ

*

ಡೆಟ್ರಾಯಿಟ್
ಸೆಪ್ಟೆಂಬರ್ 28, 1978

ಟೌನೋ,

ಅಣ್ಣ ಅಂತ ಬರೆಯಲು ಕೈ ಬರುತ್ತಿಲ್ಲ. ನಿನ್ನ ನೆನಪು ನಿನಗೆ ಬೇಕಾದ ಹಾಗೆ ಬದಲಾಗುತ್ತದೆ, ಅದಕ್ಕೇ ನಡೆದದ್ದನ್ನು ನಡೆದ ಹಾಗೆ ಬರೆದಿಡುತ್ತೇನೆ.

ಸುಲೋ ಮೊದಲು ಹೊಡೆದ, ನಡುವೆ ಬಿತ್ತು. ಪಕ್ಕದ ಜಮೀನಿನ ವಿಲ್ಹೋ ಹೊಡೆದ, ಬಿತ್ತು. 'ನಂದು ಬೆಳಿಗ್ಗೇನೇ ಆಯ್ತು' ಅಂತ ನೀನು ನಿನ್ನ ತಟ್ಟೆ ತೋರಿಸಿದೆ. ಆಮೇಲೆ ನಾನು ನಿಂತೆ. ವಿಲ್ಹೋ ಹಿಂದಿನಿಂದ, 'ಏನಮ್ಮಾ ಕೆರ್ತು, ಬಾಣಕ್ಕೆ ದಾರ ಪೋಣಿಸಿದ್ದೀಯೇನು?' ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ನಗು ನಿಂತ ಮೇಲೆ ಉಸಿರು ಬಿಟ್ಟು ಹೆದೆ ಎಳೆದೆ. ಬಾಣ ತಟ್ಟೆಗೆ ಬಿತ್ತು. ಅಂಚಿನಿಂದ ಒಂದು ಬೆರಳು ಒಳಗೆ.

ನೀನು ಹತ್ತಿರ ಹೋಗಿ ಬಗ್ಗಿ ನೋಡಿದೆ. 'ಅಂಚು. ಅಂಚು ಲೆಕ್ಕಕ್ಕಿಲ್ಲ.'

'ಯಾವಾಗಿಂದ?' ಅಂತ ನಾನು ಕೇಳಿದೆ.

'ಹೋಗ್ಲಿ ಬಿಡೋ ಟೌನೋ, ಒಳಗೇ ಇದೆಯಲ್ಲ' ಅಂದ ಸುಲೋ. 'ಹೋದ ವರ್ಷ ನಂದೂ ಹಿಂಗೇ ಬಿದ್ದಿತ್ತು.'

'ನಿನ್ ಬಿಲ್ಲಿಗೆ ಎಳೆತದ ಬಲ ಇದೆ ಕಣೋ' ಅಂದೆ ನೀನು. 'ಅವಳ ಬಿಲ್ಲಿಗೆ ಅಂಚು ಸಾಲಲ್ಲ. ಅಡಿಗೆಮನೆ ಅಲ್ಲಿದೆ ಕೆರ್ತು.'

ಅವಳ ಬಿಲ್ಲಂತೆ! ಅದು ಅಪ್ಪನ ಬಿಲ್ಲು. ಅದರಲ್ಲೇ ಅವರು ಜೀವಮಾನವಿಡೀ ಬೇಟೆಯಾಡಿದರು. ತಟ್ಟೆ ಅಂದರೆ ಜಿಂಕೆಯ ಹೃದಯ, ಶ್ವಾಸಕೋಶ ಇರುವಷ್ಟು ಜಾಗ ಅಂತ ಅವರೇ ಹೇಳಿಕೊಟ್ಟಿದ್ದು. ಅಂಚಿನ ಒಳಗಿದ್ದರೆ ಶ್ವಾಸಕೋಶ, ಹೊರಗಿದ್ದರೆ ಪಾಪ. ಇವೆರಡರ ನಡುವೆ ಮೂರನೆಯದನ್ನು ನೀನು ಎಲ್ಲಿಂದ ತಂದೆ?

 ಹತ್ತು ಗಂಟೆ ಕಾರು ಓಡಿಸಿಕೊಂಡು ವಾಪಸು ಬರುವಾಗ ದಾರಿಯುದ್ದಕ್ಕೂ ಅತ್ತೆ. ಅದನ್ನೂ ಬರೆದಿದ್ದೇನೆ, ಓದಿಕೋ.

ಕೆರ್ತು

*

ಪೈನ್ ಕ್ರೀಕ್
ಅಕ್ಟೋಬರ್ 5, 1978

ಕೆರ್ತು,

ಪದ್ಧತಿ ನನ್ನದಲ್ಲ, ಅಪ್ಪನದು. ಅದನ್ನು ಕಾಯುವುದು ನನ್ನ ಕೆಲಸ. ಇವತ್ತು ತಂಗಿ ಅಂತ ಬಿಟ್ಟರೆ ನಾಳೆ ಇನ್ಯಾರೋ ಬಂದು ಕೇಳುತ್ತಾರೆ.

ಹದಿನಾಲ್ಕರಿಂದ ಒಂದು ವಾರ ಎಲ್ಲರೂ ಕ್ಯಾಂಪಿನಲ್ಲಿರುತ್ತೇವೆ. ತಪ್ಪಿದವರು ಅಡಿಗೆ ಮಾಡಬೇಕು ಅನ್ನುವುದೂ ಅಪ್ಪನ ಪದ್ಧತಿಯೇ. ಬರುವುದು ಬಿಡುವುದು ನಿನಗೆ ಬಿಟ್ಟದ್ದು. ಬರದಿದ್ದರೆ ಮುಂದಿನ ವರ್ಷ ತಟ್ಟೆ ಮುಂದೆ ನಿಲ್ಲುವ ಮಾತು ಬೇಡ.

ಸೇಬಿನ ಮರದ ಮರೆ ಹಾಳು ಬೀಳಬಾರದು ಅಂತ ಈ ಸಲ ನಾನೇ ಕೂರುತ್ತೇನೆ.

ಟೌನೋ

*

ಪೈನ್ ಕ್ರೀಕ್
ನವೆಂಬರ್ 10, 1978

ಕೆರ್ತು,

ನೀನು ಬಂದು ಒಂದು ವಾರ ಗೊಣಗದೆ ಅಡಿಗೆ ಮಾಡಿದ್ದು ದೊಡ್ಡ ಮಾತು. ಅಪ್ಪ ಇದ್ದಿದ್ದರೆ ಮೆಚ್ಚುತ್ತಿದ್ದರು. ನಾನೂ ಮೆಚ್ಚಿದೆ.

ಕೊನೆಯ ರಾತ್ರಿಯ ಪಾಸ್ಟಿಯ ಮಾತು ಇಲ್ಲಿ ಇನ್ನೂ ನಿಂತಿಲ್ಲ. ಹಿಟ್ಟಿನ ಹೊದಿಕೆ ಅಷ್ಟು ತೆಳುವಾಗಿ, ಒಳಗೆ ಮಾಂಸ, ಆಲೂಗಡ್ಡೆ ಅಷ್ಟು ಹದವಾಗಿ ಯಾರೂ ಮಾಡಿದ್ದಿಲ್ಲ ಅಂತ ವಿಲ್ಹೋ ಚರ್ಚಿನ ಬಾಗಿಲಲ್ಲಿ ನಿಂತು ಹೇಳುತ್ತಿದ್ದ, ಅವನ ಹೆಂಡತಿ ಪಕ್ಕದಲ್ಲೇ ಇದ್ದಳು! ನಾನು ಮೂರು ತಿಂದೆ. ಮಾಂಸ ಯಾವ ಅಂಗಡಿಯದು? ಲೆಂಪಿ ಕೇಳುತ್ತಿದ್ದಾಳೆ.

ನನಗೆ ಈ ವರ್ಷ ಜಿಂಕೆ ಸಿಗಲಿಲ್ಲ ಅಂತ ಬೇಜಾರಿಲ್ಲ. ನಲವತ್ತು ಹೆಜ್ಜೆ ದೂರ, ಸಂಜೆ ಬೆಳಕು. ಬಾಣ ಹೊಟ್ಟೆಯ ಕೆಳಗೆ ಹೋಯಿತು, ಒಂದು ಕೂದಲೂ ತಾಗಲಿಲ್ಲ. ಪೂರ್ತಿ ತಪ್ಪುವುದೂ ಒಂದು ಥರದ ಗುರಿಯೇ. ಅರ್ಧ ತಪ್ಪುವವನೇ ಪಾಪಿ.

ಮುಂದಿನ ವರ್ಷಕ್ಕೆ ಚೆನ್ನಾಗಿ ಅಭ್ಯಾಸ ಮಾಡು.

ಟೌನೋ

*

ಡೆಟ್ರಾಯಿಟ್
ಡಿಸೆಂಬರ್ 17, 1978

ಟೌನೋ ಅಣ್ಣನಿಗೆ,

ನಿನಗೂ ಅತ್ತಿಗೆಗೂ ಕ್ರಿಸ್‌ಮಸ್ ಶುಭಾಶಯ. ಅತ್ತಿಗೆಗೆ ಉಣ್ಣೆಯ ಮೊಣಕಾಲು ಪಟ್ಟಿ ಹೆಣೆದು ಕಳಿಸಿದ್ದೇನೆ.

ಮಾಂಸ ಅಂಗಡಿಯದಲ್ಲ, ಅಲ್ಲಿಯದೇ.

ಆ ಬುಧವಾರ ಸಂಜೆ ಸೇಬಿನ ಮರದಿಂದ ಬಂದ ಮೇಲೆ ನೀನು ಸರಿಯಾಗಿ ಊಟ ಮಾಡಲಿಲ್ಲ. ನನಗೆ ಹೇಳಬೇಕಾದದ್ದು ಏನಾದರೂ ಇದೆಯಾ ಅಣ್ಣಾ? ಇದ್ದರೆ ಬರೆ. ನಾನು ಕುಣಿದಾಡುವುದಿಲ್ಲ, ಯಾರಿಗೂ ಡಂಗುರ ಸಾರುವುದಿಲ್ಲ. ಓದಿ ಮಡಚಿ ಇಡುತ್ತೇನೆ.

ಕೆರ್ತು

*

ಪೈನ್ ಕ್ರೀಕ್
ಫೆಬ್ರವರಿ 4, 1979

ಕೆರ್ತು,

ಹಿಮ ಕಿಟಕಿಯ ಮಟ್ಟಕ್ಕೆ ಬಂದಿದೆ. ಮೊಣಕಾಲು ಪಟ್ಟಿ ಲೆಂಪಿಗೆ ಹಿಡಿಸಿತು.

ಆ ಸಂಜೆ ನನಗೆ ಹೊಟ್ಟೆ ಸರಿ ಇರಲಿಲ್ಲ, ಅಷ್ಟೇ. ಹೆಂಗಸರು ಇಲ್ಲದ್ದನ್ನೆಲ್ಲ ಹುಡುಕುತ್ತೀರಿ.

ಮೊನ್ನೆ ಸೌನಾದ ಬಿಸಿ ಹಬೆಯಲ್ಲಿ ಬೆವರು ಹರಿಸುತ್ತ ಕೂತಿದ್ದಾಗ ಇದೇ ಮಾತು ಬಂತು. ಆಚೆ ಊರಿನ ಯಾರೋ ಒಬ್ಬ ಜಿಂಕೆಗೆ ಗಾಯ ಮಾಡಿ ಹುಡುಕದೆ ಬಿಟ್ಟುಬಂದನಂತೆ. 'ಅಂಥೋನು ಬಿಲ್ಲನ್ನ ಮೊಣಕಾಲಿಗೆ ಕೊಟ್ಟು ಮುರಿದು ಒಲೆಗೆ ಹಾಕ್ಬೇಕು' ಅಂದೆ.  ಈ ವರ್ಷದಿಂದ ಊಟದ ತಟ್ಟೆ ಬೇಡ, ಕಾಫಿ ಬಟ್ಟಲಿನ ಕೆಳಗಿಡುವ ಚಿಕ್ಕ ತಟ್ಟೆ ಇಡೋಣ ಅಂತಲೂ ಯೋಚಿಸಿದ್ದೇನೆ. ಜಿಂಕೆಯ ಜೀವದ ಮುಂದೆ ನಮ್ಮ ಅನುಕೂಲ ನೋಡಬಾರದು. ನೀನು ಈಗಿಂದಲೇ ಚಿಕ್ಕ ತಟ್ಟೆಗೆ ಕೈ ಹೊಂದಿಸಿಕೋ.

ಟೌನೋ

*

ಡೆಟ್ರಾಯಿಟ್
ಮಾರ್ಚ್ 11, 1979

ಟೌನೋ,

ಚಳಿಗಾಲವಿಡೀ ಕಾದೆ, ನೀನೇ ಬಾಯಿ ಬಿಡುತ್ತೀಯ ಅಂತ. ಬಿಟ್ಟೆ, ಆದರೆ ಚಿಕ್ಕ ತಟ್ಟೆಯ ಮಾತಾಡಲು. ಸಾಕು, ಈಗ ನಾನು ಹೇಳುತ್ತೇನೆ.

ಆ ಬುಧವಾರ ನೀನು ಒಳಗೆ ಬಂದು ಬಾಣಗಳನ್ನು ಬಾಗಿಲ ಹಿಂದೆ ಒರಗಿಸಿದೆ. ನಾನು ಅಲ್ಲೇ ಪಾತ್ರೆ ಒರೆಸುತ್ತಿದ್ದೆ. ನಾಲ್ಕು ಬಾಣದ ಗರಿಗಳು ಅರಳಿದ್ದವು, ಒಂದರದ್ದು ಮಾತ್ರ ಜಿಂಕೆಯ ಮೈ ಹಾದು ಬಂದು ಅಂಟಿಕೊಂಡು ಕಡ್ಡಿಯಾಗಿತ್ತು. ನೀನು ಎಲೆಯಲ್ಲಿ ಒರೆಸಿದ್ದೆ, ಅಲಗೂ ಫಳಫಳ ಅನ್ನುತ್ತಿತ್ತು. ಆದರೆ ಆ ನಾತ ಒರೆಸಿದರೆ ಹೋಗುತ್ತದೆಯೇ? ಅದನ್ನು ನನ್ನ ಮೂಗಿಗೆ ಹಿಡಿದು ಅಪ್ಪ ಪಾಠ ಹೇಳಿದ್ದರು. ಕರುಳಿನ ನಾತ ಬಂದರೆ ಬೆನ್ನು ಹತ್ತಬೇಡ, ರಾತ್ರಿ ಕಳೆಯಲಿ, ಅದು ಹತ್ತಿರದಲ್ಲೇ ಮಲಗುತ್ತದೆ, ಬೆಳಗಾದ ಮೇಲೆ ಹೋಗು. ಆದರೆ ಹೋಗಲೇಬೇಕು.

ಊಟದ ಮೇಜಿನಲ್ಲಿ ಕೇಳಿದೆನಲ್ಲ, 'ಇದೇನೋ ನಾತ?' ಅಂತ.

'ಬಾಣ ಜೌಗಿನ ಕೆಸರಿಗೆ ಬಿತ್ತು ಮಾರಾಯ್ತಿ. ಕೆಸರು ನಾತ ಹೊಡೀದೆ ಇನ್ನೇನು ಮಾಡುತ್ತೆ?'

'ಕೆರ್ತು ಮೂಗಿಗೂ ಒಂದು ತಟ್ಟೆ ಪರೀಕ್ಷೆ ಇಡ್ರಪ್ಪ' ಅಂದ ವಿಲ್ಹೋ. ನೀನು ಎಲ್ಲರಿಗಿಂತ ಜೋರಾಗಿ ನಕ್ಕೆ.

ಬೆಳಿಗ್ಗೆ ನೀನು ಎದ್ದು ಸೇಬಿನ ಮರದ ಕಡೆ ಹೋಗುತ್ತೀಯ ಅಂತ ಕಾದೆ. ನೀನು ಮೊಟ್ಟೆ ತಿಂದು, ಸುಲೋನ ಜೊತೆ ಗುಡ್ಡದ ಕಡೆ ಹೊರಟೆ. ನನ್ನ ಬಿಲ್ಲು ನಿನ್ನ ಟ್ರಕ್ಕಿನಲ್ಲಿ ಬೀಗದೊಳಗಿತ್ತು. ಅಡಿಗೆಯವಳಿಗೆ ಬಿಲ್ಲು ಯಾಕೆ ಅಂತ ನೀನೇ ಇಟ್ಟಿದ್ದು. ಗೆಡ್ಡೆ ಹೆಚ್ಚುವ ಚಾಕು ಹಿಡಿದುಕೊಂಡು ಹೋದೆ.

ಸೇಬಿನ ಮರದಿಂದ ಜೌಗಿನ ಅಂಚಿನವರೆಗೆ ರಕ್ತ ಕಡಿಮೆ, ಆದರೆ ಇತ್ತು. ಜರಿಗಿಡದ ಎಲೆಯ ಮೇಲೆ ಉಗುರಿನಷ್ಟು, ಮತ್ತೆ ಒಂದಷ್ಟು ದೂರ ಏನೂ ಇಲ್ಲ, ಮತ್ತೆ ಉಗುರಿನಷ್ಟು. ನಿನ್ನ ಕಣ್ಣಿಗೆ ಅದು ಒಣಗಿದ ಎಲೆಯ ಬಣ್ಣ. ನಿನಗೆ ಅದು ಗೊತ್ತು, ನನಗೂ ಗೊತ್ತು. ನನ್ನನ್ನು ಕೇಳಬೇಕಾಗುತ್ತಿತ್ತು, ಅಲ್ಲವೇ? ಅಂಚು ಲೆಕ್ಕಕ್ಕಿಲ್ಲ ಅಂತ ಅಡಿಗೆಗೆ ಕೂರಿಸಿದ ತಂಗಿಯನ್ನು 'ಬಾ ಕೆರ್ತು, ಜಾಡು ಹಿಡಿ' ಅಂತ ಕರೆಯಬೇಕಾಗುತ್ತಿತ್ತು. ಅದಕ್ಕಿಂತ ಆ ಪ್ರಾಣಿ ಕೊಳೆಯುವುದೇ ಮೇಲು ಅನ್ನಿಸಿತಾ ನಿನಗೆ?

ಎರಡು ಕಡೆ ಮಲಗಿ ಎದ್ದಿತ್ತು. ಮೂರನೆಯ ಜಾಗದಲ್ಲಿ ಸಿಕ್ಕಿತು. ಎಳೆಯ ಗಂಡು, ಕೊಂಬು ಈಗಷ್ಟೇ ಕವಲೊಡೆದದ್ದು. ಸತ್ತಿರಲಿಲ್ಲ ಟೌನೋ. ತಲೆ ಎತ್ತಿ ನನ್ನನ್ನು ನೋಡಿತು. ಏಳಲು ನೋಡಿತು, ಹಿಂಗಾಲು ಬರಲಿಲ್ಲ. ನಾನು ಹಿಂದಿನಿಂದ ಹೋಗಿ ಅದರ ಕುತ್ತಿಗೆಯ ಮೇಲೆ ಮೊಣಕಾಲೂರಿ ಗೆಡ್ಡೆಯ ಚಾಕುವಿನಲ್ಲಿ ಕೆಲಸ ಮುಗಿಸಿದೆ. ಚಾಕು ಮೊಂಡಾಗಿತ್ತು. ಎಷ್ಟು ಹೊತ್ತಾಯಿತು ಅಂತ ಬರೆಯುವುದಿಲ್ಲ. ಈಗಲೂ ಹೊಲಿಗೆ ಯಂತ್ರದ ಮುಂದೆ ಕೂತಾಗ ಇದ್ದಕ್ಕಿದ್ದ ಹಾಗೆ ಕೈ ನಿಂತುಬಿಡುತ್ತದೆ.

ವರ್ಷಕ್ಕೆ ಒಂದೇ ಜಿಂಕೆಗೆಂದು ಸರ್ಕಾರ ಕೊಡುವ ನನ್ನ ಪರವಾನಗಿ ಚೀಟಿಯನ್ನು ಅದರ ಕಿವಿಗೆ ಕಟ್ಟಿದೆ. ನಾನು ಒಂದು ಬಾಣವನ್ನೂ ಬಿಡದೆ ಆ ವರ್ಷದ ನನ್ನ ಬೇಟೆ ಅಲ್ಲಿಗೆ ಮುಗಿಯಿತು. ಹಿಂಭಾಗ ಹೊಲಸಾಗಿ ಕೆಟ್ಟಿತ್ತು. ಮುಂದಿನ ಭುಜ, ಕುತ್ತಿಗೆ ಚೆನ್ನಾಗಿದ್ದವು. ಅಷ್ಟನ್ನು ಕೊಯ್ದು ಹಿಟ್ಟಿನ ಚೀಲದಲ್ಲಿ ತಂದೆ.

ಕೊನೆಯ ರಾತ್ರಿಯ ಪಾಸ್ಟಿ ಅದರದೇ. ನೀನು ಮೂರು ತಿಂದೆ. ಹದವಾಗಿತ್ತು ಅಂತ ನೀನೇ ಬರೆದಿದ್ದೀಯ.

ಗುರಿ ತಪ್ಪುವುದು ಯಾರಿಗೂ ಬರುತ್ತದೆ, ಅದಕ್ಕೆ ನಾನು ನಿನ್ನನ್ನು ಬೈಯುವುದಿಲ್ಲ. ನಲವತ್ತು ಹೆಜ್ಜೆಗೆ, ಮಬ್ಬು ಬೆಳಕಿನಲ್ಲಿ ಯಾಕೆ ಬಿಟ್ಟೆ ಅಂತ ಬೈಯುತ್ತೇನೆ. ಮಲಗಿ ನಿದ್ದೆ ಮಾಡಿದೆಯಲ್ಲ, ಅದಕ್ಕೆ ಬೈಯುತ್ತೇನೆ. ಥೂ.

ಕೆರ್ತು

*

ಪೈನ್ ಕ್ರೀಕ್
ಮೇ 20, 1979

ಕೆರ್ತು,

ನಿನ್ನ ಪತ್ರ ಸಿಕ್ಕಿತು. ತಡವಾಯಿತು, ಛಾವಣಿ ರಿಪೇರಿ ಇತ್ತು.

ಇದನ್ನು ಬೇರೆ ಯಾರಿಗಾದರೂ ಹೇಳಿದ್ದೀಯಾ? ಸುಲೋಗೆ?

ಜೌಗಿನಲ್ಲಿ ಜಿಂಕೆಗಳಿಗೆ ಏನೇನೋ ಆಗುತ್ತದೆ. ಆಚೆ ಜಮೀನಿನವರೂ ಬೇಟೆಯಾಡುತ್ತಾರೆ. ಯಾರ ಬಾಣ ಅಂತ ಈಗ ಯಾರು ಹೇಳಬಲ್ಲರು? ಮುಗಿದ ವಿಷಯ ಕೆದಕಿ ಯಾರಿಗೂ ಲಾಭವಿಲ್ಲ.

ನಾನು ಯೋಚಿಸಿ ನೋಡಿದೆ. ಅಪ್ಪನ ಮರೆಯಲ್ಲಿ ಈ ವರ್ಷದಿಂದ ನೀನೇ ಕೂರು. ತಟ್ಟೆಗಿಟ್ಟೆ ನಿನಗೆ ಬೇಡ, ನೀನು ಹೊಡೆಯುವುದನ್ನು ನಾನು ನೋಡಿದ್ದೇನೆ, ಸಾಕು. ಬೇರೆಯವರಿಗೆ ನಾನು ಹೇಳಿಕೊಳ್ಳುತ್ತೇನೆ. ಹೊಸ ಕೊಂಬೆ ಹೆಣೆದು ಇಡುತ್ತೇನೆ.

ಲೆಂಪಿ ಕೇಳಿದಳೆಂದು ತಿಳಿಸು ಅಂದಳು.

ನಿನ್ನ ಅಣ್ಣ,
ಟೌನೋ

*

ಡೆಟ್ರಾಯಿಟ್
ಜೂನ್ 24, 1979

ಟೌನೋ,

ಪತ್ರ ಮೇಜಿನ ಮೇಲೆ ಬಿದ್ದಿತ್ತು, ಉತ್ತರ ಬರೆಯಲು ಮನಸ್ಸಾಗಲಿಲ್ಲ. ನನಗೆ ಬೇಕಾದದ್ದನ್ನೇ ಕೊಟ್ಟಿದ್ದೀಯ. ಅದು ಎಷ್ಟು ಬೇಕಿತ್ತು ಅಂತ ನಿನಗೂ ಗೊತ್ತು. ಒಂದೆರಡು ದಿನ ಆಸೆಯೂ ಆಯಿತು, ಸುಳ್ಳು ಹೇಳುವುದಿಲ್ಲ. ಸೇಬು ಬಿದ್ದ ಸದ್ದು, ಬೆಳಗಿನ ಮಂಜು, ಅಪ್ಪ ಕೂರುತ್ತಿದ್ದ ಆ ಕುಳ್ಳ ಮರದ ತುಂಡು, ಎಲ್ಲ ಕಣ್ಣಿಗೆ ಕಟ್ಟಿತು.

ಆದರೆ ಬಾಯಿ ಮುಚ್ಚಿಕೊಂಡಿದ್ದಕ್ಕೆ ಸಿಕ್ಕ ಜಾಗದಲ್ಲಿ ಕೂತು ನಾನು ಜಿಂಕೆಯ ಮುಖ ನೋಡಲಾರೆ.

ಯಾರಿಗೂ ಹೇಳಿಲ್ಲ. ಹೇಳುವುದೂ ಇಲ್ಲ. ಸೆಪ್ಟೆಂಬರಿನ ಕೊನೆಯ ಭಾನುವಾರ ಬರುತ್ತೇನೆ. ಚಿಕ್ಕ ತಟ್ಟೆಯಲ್ಲ, ಅಪ್ಪನ ಕಾಲದ ಊಟದ ತಟ್ಟೆಯೇ. ಎರಡು ತರುತ್ತೇನೆ, ಒಂದರ ಮೇಲೆ ನಿನ್ನ ಹೆಸರು ಬರೆದಿರುತ್ತೇನೆ. ಇಪ್ಪತ್ತೈದು ಹೆಜ್ಜೆ, ಒಂದು ಬಾಣ. ಸುಲೋ, ವಿಲ್ಹೋ ಹಿಂದೆ ನಿಂತಿರಲಿ. ಮೊದಲು ನೀನು.

ಬಿದ್ದರೆ ನಿನ್ನ ಕೈ ಕುಲುಕುತ್ತೇನೆ. ತಪ್ಪಿದರೆ ಇಬ್ಬರೂ ಸೇರಿ ಗೆಡ್ಡೆ ಹೆಚ್ಚೋಣ. ನಾನು ಇನ್ನೇನೂ ಕೇಳುತ್ತಿಲ್ಲ ಅಣ್ಣಾ.

ಕೆರ್ತು

*

ಪೈನ್ ಕ್ರೀಕ್
ಸೆಪ್ಟೆಂಬರ್ 16, 1979

ಪ್ರೀತಿಯ ಕೆರ್ತು,

ಎಲ್ಲರೂ ಚೆನ್ನಾಗಿದ್ದೇವೆ. ಈ ವರ್ಷ ಸೇಬು ಕಾಯಿ ತುಂಬ, ಜಿಂಕೆಗಳು ಹಗಲಲ್ಲೇ ಬರುತ್ತಿವೆ.

ಹೋದ ಶನಿವಾರ ನಾವೆಲ್ಲ ಕೂತು ಮಾತಾಡಿದೆವು. ತಟ್ಟೆಯ ಪದ್ಧತಿ ಇನ್ನು ಬೇಡ ಅಂತ ತೀರ್ಮಾನವಾಯಿತು. ಈಗ ಎಲ್ಲರ ಹತ್ತಿರ ರಾಟೆಬಿಲ್ಲು ಇದೆ, ಗುರಿ ನೋಡುವ ಕಡ್ಡಿ ಇದೆ. ದೊಡ್ಡವರಾದ ಮೇಲೆ ಅವರವರ ಗುರಿ ಅವರವರಿಗೆ ಗೊತ್ತಿರುತ್ತದೆ. ವಿಲ್ಹೋಗೆ ತುಂಬ ಖುಷಿಯಾಯಿತು. ಸುಲೋ ಎದ್ದು ಸೌದೆ ತರಲು ಹೊರಗೆ ಹೋದ, ಅವನ ಸ್ವಭಾವ ನಿನಗೆ ಗೊತ್ತೇ ಇದೆ. ಅಪ್ಪ ಇದ್ದಿದ್ದರೂ ಒಪ್ಪುತ್ತಿದ್ದರು ಅಂತ ನನ್ನ ಭಾವನೆ. ಆದ್ದರಿಂದ ಮೂವತ್ತನೇ ತಾರೀಕು ನೀನು ಅಷ್ಟು ದೂರದಿಂದ ಬರುವ ಅಗತ್ಯವಿಲ್ಲ.

ಕ್ಯಾಂಪಿಗೆ ಒಳಗಿನಿಂದ ಸುಣ್ಣ ಬಳಿಸಿದೆವು. ಗೋಡೆಯ ಮೇಲಿನ ತಟ್ಟೆಗಳನ್ನೆಲ್ಲ ಇಳಿಸಬೇಕಾಯಿತು. ಅಪ್ಪನವಂತೂ ಇಲಿ ತಿಂದು ಅರ್ಧ ಆಗಿದ್ದವು, ಇಟ್ಟುಕೊಳ್ಳುವ ಹಾಗಿರಲಿಲ್ಲ. ಎಲ್ಲವೂ ಚೆನ್ನಾಗಿ ಒಣಗಿದ್ದವು, ಸೌನಾದ ಒಲೆ ಬೇಗ ಹತ್ತಿಕೊಂಡಿತು.

ಅಕ್ಟೋಬರಿನಲ್ಲಿ ಯಾವಾಗ ಬೇಕಾದರೂ ಬಾ. ಪಾಸ್ಟಿ ಮಾಡಿದರೆ ಬೇಡ ಅನ್ನುವವರು ಯಾರೂ ಇಲ್ಲ.

ನಿನ್ನ ಅಣ್ಣ,
ಟೌನೋ

*

ಡೆಟ್ರಾಯಿಟ್
ಅಕ್ಟೋಬರ್ 1, 1979

ಟೌನೋ,

ನಿನ್ನೆ ಕೊನೆಯ ಭಾನುವಾರವಾಗಿತ್ತು. ಕಾಫಿ ಕುಡಿದು, ರೊಟ್ಟಿ ತಿಂದು, ತಟ್ಟೆ ಒರೆಸಿ ಜಲ್ಲಿ ಹಳ್ಳಕ್ಕೆ ಹೋದೆ. ಅಪ್ಪನ ಕೋಟು ಹಾಕಿಕೊಂಡಿದ್ದೆ. ಇಪ್ಪತ್ತೈದು ಹೆಜ್ಜೆ ಅಳೆದು ನಿಂತೆ. ನಿನ್ನ ಮೇಲೆ ಸಿಟ್ಟಿತ್ತು, ಅಪ್ಪನ ತಟ್ಟೆ ಸುಟ್ಟಿದ್ದಕ್ಕೆ ಅಳು ಬರುತ್ತಿತ್ತು. ಆದರೂ ಬಿಟ್ಟೆ.

ಅಂಚಿನಿಂದ ಒಂದು ಬೆರಳು ಹೊರಗೆ ಬಿತ್ತು.

ಅಲ್ಲಿ ಯಾರೂ ಇರಲಿಲ್ಲ. ಈ ವರ್ಷ ನಾನು ಬೇಟೆಗೆ ಹೋಗುವುದಿಲ್ಲ. ಬಿಲ್ಲಿನ ಹೆದೆ ಬಿಚ್ಚಿಟ್ಟು, ಮನೆಗೆ ಬಂದು ಅಡಿಗೆಗಿಟ್ಟೆ.

ಕೆರ್ತು